ಎರಡಡಿ ನೀರು

ಅಂಗಡಿಯವ ಹೇಳಿದ: ಎರಡಡಿ ತೊಟ್ಟಿ ಅಲ್ವಾ,
ಹನ್ನೆರಡು ಧಾರಾಳ ಹಿಡಿಯುತ್ತದೆ.
ನಿಶ್ಮಿತಾ ನನ್ನ ಮುಖ ನೋಡಿದಳು,
ಮೀನಿನ ವಿಷಯ ಅಪ್ಪನಿಗೆ ಗೊತ್ತಿಲ್ಲದೆ ಇದ್ದೀತೇ ಎಂದು.

ನನಗೇನು ಗೊತ್ತು ಮಗಾ?
ಮಲ್ಪೆಯ ದಕ್ಕೆಯಲ್ಲಿ ನಾನು ಮೀನು ಎಣಿಸಿದವನಲ್ಲ.
ಬುಟ್ಟಿ, ಬಾಕ್ಸು, ಟನ್ನು.
ಒಂದೊಂದೇ ಎಣಿಸುವುದು ಬೇಬಿಯಕ್ಕ:
ಬಂಗುಡೆ ನೂರಕ್ಕೆ ಆರು, ಕೊಸರಿಗೊಂದು.

ಬೋಟಿನ ಕ್ಯಾಬಿನ್ ಮಾತ್ರ ಗೊತ್ತು.
ಐದು ಜನರ ಜಾಗದಲ್ಲಿ ಒಂಬತ್ತು ಜನ, ಹತ್ತು ರಾತ್ರಿ;
ಒಬ್ಬ ಮಗ್ಗುಲು ಬದಲಿಸಿದರೆ
ಸಾಲಿಗೆ ಸಾಲೇ ಬದಲಿಸಬೇಕು.
ಸುಕೇಶನ ಬೀಡಿಯುಸಿರು ನನ್ನ ಮೂಗಿನಲ್ಲಿ,
ನನ್ನ ಕೆಮ್ಮು ಇನ್ಯಾರದೋ ಕಿವಿಯಲ್ಲಿ.
ಹಿಡಿಯುತ್ತದೆ, ಹೌದು.
ಹಿಡಿಯುತ್ತದೆ.

ನಾಲ್ಕು ಕೊಡಿ, ಎಂದೆ.
ಅಂಗಡಿಯವ ನಕ್ಕ. ನಿಶ್ಮಿತಾಳ ಕೆಳತುಟಿ ಮುಂದೆ ಬಂತು.

ಈಗ ರಾತ್ರಿ. ಮೀನುಗಾರಿಕೆಗೆ ರಜೆ.
ಬಂದರಿನಲ್ಲಿ ಕಟ್ಟಿದ ಬೋಟುಗಳು
ಒಂದಕ್ಕೊಂದು ಮೈ ತಿಕ್ಕುವ ಸದ್ದು.
ಇಲ್ಲಿ ಕಿತ್ತಳೆ ಬಣ್ಣದ್ದೊಂದು
ಗಾಜಿನ ತನಕ ಹೋಗಿ, ಸಾವಕಾಶ
ಇಡೀ ಮೈ ಹೊರಳಿಸಿ,
ಯಾರಿಗೂ ತಾಗದೆ ತಿರುಗಿ ಬಂತು.

ಮಗಳು ಗಾಜಿಗೆ ಮೂಗು ಒತ್ತಿ ಎಣಿಸುತ್ತಲೇ ಇದ್ದಾಳೆ.
ಎಷ್ಟು ಸಲ ಎಣಿಸಿದರೂ ನಾಲ್ಕೇ.
ಅವಳ ಸಿಟ್ಟು ಇನ್ನೂ ಇಳಿದಿಲ್ಲ.