ಎಡಗೈಗೆ ಕಿವಿಯಿಟ್ಟು

ರಾತ್ರಿ ಮಲಗುವ ಮುಂಚೆ
ಗಂಡನ ಎಡಗೈಗೆ ಕಿವಿ ಇಡುತ್ತೇನೆ,
ಮೊಣಕೈಯ ಒಳಮಗ್ಗುಲಿಗೆ, ಉಬ್ಬಿದ ನರದ ಮೇಲೆ.
ಝುಂಯ್ ಎನ್ನಬೇಕು.
ಅಂದರೆ ನಿದ್ದೆ.

ಕಲಿಸಿದವನು ಖಾಜಾಹುಸೇನ,
ರಾಯಚೂರಿನ ದೊಡ್ಡ ದವಾಖಾನೆಯ
ಡಯಾಲಿಸಿಸ್ ಕೋಣೆಯ ಹುಡುಗ:
"ಅಕ್ಕಾರ, ಇದು ನಾವೇ ಮಾಡಿದ ಗಾಯ ಅಂತ ತಿಳೀರಿ.
ಎರಡು ನರ ಕೂಡಿಸೀವಿ, ರಕ್ತ ಜೋರು ಹರೀಲಿ ಅಂತ.
ಈ ಕೈಲೆ ಭಾರ ಎತ್ತಬಾರದು, ಗಡಿಯಾರ ಕಟ್ಟಬಾರದು,
ಈ ಮಗ್ಗಲಾಗಿ ಮಲಗಬಾರದು.
ದಿನಾ ಕಿವಿಗೊಟ್ಟು ಕೇಳ್ರಿ.
ದನಿ ನಿಂತಿತ್ತಂದ್ರ ಬೆಳಗಾಗೋತನಕ ಕಾಯಬ್ಯಾಡ್ರಿ.
ಮುಚ್ಚಿಹೋದ್ರ ಮತ್ತೊಂದು ಕಡೆ ಕೊಯ್ಯಬೇಕಾಗ್ತದ."

ನಾನು ಪ್ರಾರ್ಥನೆ ಬಿಟ್ಟು ಆಗ ನಾಲ್ಕು ತಿಂಗಳು.
ಸಿಟ್ಟು ಅಂತೇನಲ್ಲ.
ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಕದ ತಟ್ಟಿದರೆ
ಅಡುಗೆಮನೆಯಲ್ಲೇ ನಿಂತು
ಉಸಿರು ಹಿಡಿಯುವುದಿಲ್ಲವೇ, ಹಾಗೆ.

ಸಭೆಯವರು ಬಂದರು. ಕುರ್ಚಿ ಸಾಲದೆ
ಟ್ರಂಕಿನ ಮೇಲೂ ಕೂತರು.
"ಕರ್ತ ಪರೀಕ್ಷಾ ಮಾಡ್ತಾನಮ್ಮ, ತಡಕೋ" ಅಂದರು
ಸುಗಂಧಾಬಾಯಿ. ಅವರು ತಂದ ಟೊಮೆಟೊ ಸಾರು
ಇವರು ಉಣ್ಣುವಂತಿರಲಿಲ್ಲ.
ಅಯ್ಯನವರು ಮಾತ್ರ ಏನೂ ಹೇಳದೆ
ಕಿಟಕಿಯ ದಂಡೆಯ ಬೂದಿಯಲ್ಲಿ ಬೆರಳಾಡಿಸುತ್ತ ಇದ್ದರು.
ಶಕ್ತಿನಗರದ ಬೂದಿ ಅದು. ಮುಂಜಾನೆ ಒರೆಸಿದರೆ ಸಂಜೆಗೆ ಮತ್ತೆ.
ಹೋಗುವಾಗ ಆ ಬೆರಳನ್ನು ಪಂಚೆಗೆ ಒರೆಸಿಕೊಂಡರು.
ಅವತ್ತಿನ ಭೇಟಿಯಲ್ಲಿ ನೆನಪುಳಿದದ್ದು ಅಷ್ಟು.

ದಿನಕ್ಕೆ ಮುಕ್ಕಾಲು ಲೀಟರು, ಅದಕ್ಕಿಂತ ಹನಿ ಹೆಚ್ಚಿಲ್ಲ.
ಮೇ ತಿಂಗಳು. ರಾಯಚೂರು ಸೀಮೆ.
ಕೃಷ್ಣೆ ಇಲ್ಲೇ ಊರ ಹಿಂದೆ ಹರಿಯುತ್ತಾಳೆ,
ಇವರು ಬಾಟಲಿಯ ಮುಚ್ಚಳದಲ್ಲಿ ಅಳೆದು ಕುಡಿಯುತ್ತಾರೆ.
ಅರ್ಧ ಕಪ್ಪು ಚಹಾ, ಗುಳಿಗೆಯ ಗುಟುಕು, ಮಜ್ಜಿಗೆ ಎರಡು ಚಮಚ,
ಎಲ್ಲ ಮಗಳ ಹಳೆಯ ಗಣಿತದ ವಹಿಯಲ್ಲಿ ಬರೆದಿಡುತ್ತೇನೆ.
ತಿಂಗಳ ಮೊದಲ ಭಾನುವಾರ ಕರ್ತನ ಭೋಜನ.
ಬೆರಳಷ್ಟು ಲೋಟ.
ಕುಡಿದು, ಮೊಣಕಾಲೂರಿದಲ್ಲೇ ನನ್ನ ಕಡೆ ಬಾಗಿ
"ಇದನ್ನೂ ಬರಕೋ" ಅಂದರು.
ಅಳು ಬರಬೇಕಿತ್ತು. ನಗು ಬಂತು,
ವೇದಿಯ ಮುಂದೆ, ಬಾಯಿತುಂಬ ಸೆರಗು.
ಮನೆಗೆ ಬಂದು ಬರೆದೆ:
ಕರ್ತನ ರಕ್ತ, ಹತ್ತು ಮಿ.ಲೀ.

ಆಮೇಲೊಂದು ರಾತ್ರಿ ಕಿವಿಯಿಟ್ಟರೆ
ಏನೂ ಇಲ್ಲ.
ಕೂಲರು ಆರಿಸಿದೆ. ಫ್ಯಾನು ನಿಲ್ಲಿಸಿದೆ.
ಗೋಡೆಯ ಗಡಿಯಾರ ಇಳಿಸಿ ದಿಂಬಿನ ಕೆಳಗೆ ಇಟ್ಟೆ.
ದೂರದಲ್ಲಿ ಕಲ್ಲಿದ್ದಲ ಗಾಡಿ ದಾಟುತ್ತಿತ್ತು,
ಡಬ್ಬಿಯ ಮೇಲೆ ಡಬ್ಬಿ, ಮುಗಿಯುವ ಮಾತೇ ಇಲ್ಲ.
ಅದನ್ನು ನಿಲ್ಲಿಸುವುದು ಹೇಗೆ?
ಬೆವರಿಗೆ ಕಿವಿ ಜಾರುತ್ತಿತ್ತು.
ಆಗ ಬಾಯಿಂದ ತಾನೇ ಬಿದ್ದ ಮಾತು:
ಇರು.

ಇವರಿಗಂದೆನೋ, ನರಕ್ಕಂದೆನೋ,
ನಾಲ್ಕು ತಿಂಗಳಿಂದ ಕದದಾಚೆ ನಿಂತಿದ್ದವನಿಗೋ,
ಇವತ್ತಿಗೂ ಗೊತ್ತಿಲ್ಲ.
ಗಾಡಿ ದಾಟಿತು.
ಅದರ ಬೆನ್ನಿಗೇ, ದುಂಬಿ ಬಿದಿರಿನೊಳಗೆ ಸಿಕ್ಕಂತೆ,
ಸಣ್ಣಗೆ...
ನಾನು ತಲೆ ಎತ್ತಲಿಲ್ಲ. ಕೋಳಿ ಕೂಗುವತನಕ
ಹಾಗೇ ಇದ್ದೆ. ಕಿವಿಯ ಮೇಲೆ
ಹೊಲಿಗೆಯ ಅಚ್ಚು ಮೂಡಿತ್ತು.

ಕಾಯಿಲೆ ಇಳಿದಿಲ್ಲ. ವಾರಕ್ಕೆ ಮೂರು ಸಲ
ನಸುಕಿನ ಬಸ್ಸು, ನಾಲ್ಕು ತಾಸಿನ ಸೂಜಿ.
ನನ್ನ ಪ್ರಾರ್ಥನೆಗೂ ಮಾತು ಮರಳಿಲ್ಲ.
ಒಂದು ಮಾತ್ರ, ಬಸ್ಸಿನ ಕಿಟಕಿಗೆ ತಲೆಯಾನಿಸಿದಾಗ ಅನ್ನಿಸುತ್ತದೆ:
ಮೂರನೆಯ ದಿನ ಎದ್ದು ಬಂದವನೂ
ಗಾಯ ಹೊಲಿಸಿಕೊಂಡು ಬರಲಿಲ್ಲ.
ಬೆರಳು ಹೋಗುವಷ್ಟು ತೆರೆದೇ ಇಟ್ಟಿದ್ದ.
ನನ್ನೊಳಗೂ ಎಲ್ಲಿಯೋ ಕೊಯ್ದದ್ದಿದೆ.
ಉರಿಯುತ್ತದೆ. ಮುಚ್ಚಿಕೊಳ್ಳಬಾರದು.

ಈಗ ದೀಪ ಆರಿಸುವ ಹೊತ್ತು.
ಕತ್ತಲಲ್ಲಿ ಇವರು ಕೇಳುತ್ತಾರೆ:
"ಅದನು?"

ಕಿವಿ ತೆಗೆಯದೆ ಹೇಳುತ್ತೇನೆ:
"ಅದ."