ಸೀಮೆಸುಣ್ಣದ ಗೀಟು

ಚರ್ಚಿನ ಕಬ್ಬಿಣದ ಗೇಟಿಗೆ ಒಂದು ಕೈ, ತಲೆಯ ಟೋಪಿಗೆ ಒಂದು ಕೈ,
ಅಟ್ಲಾಂಟಿಕ್ಕಿನ ಗಾಳಿಗೆ ಸೊಪ್ಪು ಹಾಕದೆ ನಿಂತು
ಓಯ್ರಿಕ್ ಅಂದಳು:
"ಟೊರ್ಮೊಡ್, ಇವತ್ತು ನೀನು ನಮಗಾಗಿ ಕಾಯಲಿಲ್ಲ.
ಕೀರ್ತನೆಯ ಸಾಲು ಎತ್ತಿಕೊಟ್ಟೆ, ನಾವದನ್ನು ಹಿಡಿಯುವ ಮೊದಲೇ
ಒಬ್ಬನೇ ಹೊರಟುಬಿಟ್ಟೆ, ನಿನ್ನ ದನಿಯ ಬೆನ್ನು ಹತ್ತಿ."

ನಾನು ಟೋಪಿ ತೆಗೆದೆ. ತಲೆ ಬಾಗಿಸಿದೆ.
"ತಿದ್ದಿದ್ದು ಉಪಕಾರವಾಯಿತು, ತಾಯೀ" ಅಂದೆ.
ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂತು ಮಾತು.
ಪಾದ್ರಿ ನೋಡುತ್ತಿದ್ದರು. ಅವರು ನೋಡುತ್ತಿರುವುದನ್ನು
ನಾನೂ ನೋಡಿಕೊಂಡಿದ್ದೆ.

ಮನೆಗೆ ಒಂದೂವರೆ ಮೈಲಿ. ಕಲ್ಲಿನ ಗೋಡೆ, ಕುರಿ, ಮತ್ತೆ ಕಲ್ಲಿನ ಗೋಡೆ.
ಅಷ್ಟು ದಾರಿಯಲ್ಲಿ ಅವಳಿಗೆ ಹದಿನೇಳು ಉತ್ತರ ಕೊಟ್ಟೆ.
ಮೊದಲ ಮೂರು ಸಭ್ಯವಾಗಿದ್ದವು.
ನಾಲ್ಕನೆಯದರಲ್ಲಿ ಅವಳ ತಂಗಿಯ ಮದುವೆಯ ವಿಚಾರ ಬಂತು.
ಒಂಬತ್ತನೆಯದರ ಹೊತ್ತಿಗೆ ಪ್ರವಾದಿಗಳನ್ನು ಸಾಕ್ಷಿಗೆ ಕರೆದಿದ್ದೆ,
ಪಾಪ, ಎಂದೋ ಸತ್ತು ಮಲಗಿದವರನ್ನು.
ಹದಿನೇಳನೆಯದನ್ನು ಗಟ್ಟಿಯಾಗಿಯೇ ಅಂದಿರಬೇಕು,
ಗೋಡೆಯಾಚೆಯ ಟಗರು ಮೇಯುವುದು ಬಿಟ್ಟು ತಲೆಯೆತ್ತಿತು.

ಶನಿವಾರವೇ ಮಾಡಿಟ್ಟ ಕುರಿಮಾಂಸದ ಸಾರು.
ಸಬ್ಬತ್ತಿನ ದಿನ ನಮ್ಮಲ್ಲಿ ಒಲೆ ಬೆಚ್ಚಗಿರುತ್ತದೆ, ಅಷ್ಟೇ;
ಮಗ್ಗ ಮಲಗಿರುತ್ತದೆ, ಒಗೆದ ಬಟ್ಟೆ ಹಗ್ಗ ಹತ್ತುವುದಿಲ್ಲ.
ನಾಲಿಗೆಗೆ ಮಾತ್ರ ಯಾರೂ ರಜೆ ಕೊಟ್ಟಿಲ್ಲ.
"ಉಪ್ಪು ಜಾಸ್ತಿ" ಅಂದೆ.
"ಮೂವತ್ತು ವರ್ಷವಾಯಿತು, ಇನ್ನೂ ಕೈಗೆ ಅಳತೆ ಬರಲಿಲ್ಲ."
ಶೋನಾಗ್ ಚಮಚ ಕೆಳಗಿಟ್ಟಳು. ಸಾರಿನ ಮಾತೇ ಎತ್ತಲಿಲ್ಲ.
"ಗೇಟಿನ ಹತ್ತಿರ ಓಯ್ರಿಕ್ ಏನಂದಳು?"

ರಾತ್ರಿ ಓಯ್ರಿಕ್‌ಗಾಗಿ ಪ್ರಾರ್ಥಿಸಿದೆ.
ಕರ್ತನೇ, ಅವಳ ಗಡಸು ಮನಸ್ಸನ್ನು ಮೆದು ಮಾಡು.
ಅದು ಪ್ರಾರ್ಥನೆಯಾಗಿರಲಿಲ್ಲ. ಚಾಡಿ.
ಮಂಡಿಯೂರಿ ಹೇಳಿದ ಚಾಡಿ.

ಸೋಮವಾರ ಶೆಡ್ಡಿನ ಬಾಗಿಲು ತೆಗೆದು
ಮಗ್ಗದ ಮೇಲಿನ ಹೊದಿಕೆ ಎಳೆದೆ. ಅದೊಂದು ಹಳೇ ಥಾನಿನ ತುಂಡು,
ರಿಪೇರಿಗೂ ದಕ್ಕದೆಂದು ಗಿರಣಿಯವರು ಹಿಂದಕ್ಕೆ ಕಳಿಸಿದ್ದು.
ಮೂಲೆಯಲ್ಲಿ ಇನ್ನೂ ಇತ್ತು ನೀಲಿ ಸೀಮೆಸುಣ್ಣದ ಗೀಟು,
ಅಡ್ಡ ಒಂದು, ಉದ್ದ ಒಂದು.
ಅವಳದೇ ಕೈ. ನಲವತ್ತು ವರ್ಷ ಸ್ಟೋರ್ನೊವೇ ಗಿರಣಿಯಲ್ಲಿ
ದ್ವೀಪದ ನೇಯ್ಗೆಯನ್ನೆಲ್ಲ ಬೆಳಕಿಗೆ ಹಿಡಿದು, ಬೆರಳಾಡಿಸಿ,
ಹೊಕ್ಕು ತಪ್ಪಿದಲ್ಲಿ ಗೀಟು ಹಾಕಿದವಳು,
ಆಮೇಲೆ ಸೂಜಿ ಹಿಡಿದು ಕೂತು ಆ ಎಳೆಯನ್ನು ತುಂಬಿದವಳು.
ಆ ಗೀಟು ನೋಡಿ ಒಮ್ಮೆಯೂ ನನಗೆ ಸಿಟ್ಟು ಬಂದದ್ದಿಲ್ಲ.
ತಪ್ಪಿದ್ದು ಬಟ್ಟೆ, ನಾನಲ್ಲವಲ್ಲ.

ಸಂಜೆ ಅವಳ ಬಾಗಿಲಿಗೆ ಹೋದೆ. ಹೇಳಬೇಕಾದದ್ದು
ಗಂಟಲಲ್ಲಿ ಮೀನಿನ ಮುಳ್ಳು.
"ಒಲೆಗೆ ಪೀಟ್ ಹೆಂಟೆ ಇದೆಯೇ, ಒಂದು ಚೀಲ ತರಲೇ?" ಅಂದೆ.
"ಹೆಂಟೆ ಇದೆ" ಅಂದಳು. "ಬಂದದ್ದು ಯಾಕೆ?"
ಆಮೇಲೆ ಬಂದ ಮಾತು ಚೆನ್ನಾಗಿರಲಿಲ್ಲ. ತೊದಲಿತು,
ನಡುವೆ ತುಂಡಾಯಿತು, ಕೊನೆ ಮುಟ್ಟಲಿಲ್ಲ.
ನೋಡುವುದಕ್ಕೆ ಪಾದ್ರಿಯೂ ಇರಲಿಲ್ಲ.
ಅವಳು ಚಹಾಕ್ಕೆ ನೀರಿಟ್ಟಳು.

ಮುಂದಿನ ಭಾನುವಾರ ಸಾಲು ಎತ್ತಿಕೊಟ್ಟು ಕಾದೆ.
ಬಾಯಿ ಮುಚ್ಚಿ ನಿಂತವನಿಗೆ ಕ್ಷಣ ಎಷ್ಟು ಉದ್ದವೆಂದು
ನನಗೆ ಗೊತ್ತೇ ಇರಲಿಲ್ಲ.
ಮೊದಲು ಮುಂದಿನ ಬೆಂಚು, ಆಮೇಲೆ ಮೀನುಗಾರರು,
ಒಬ್ಬೊಬ್ಬರೂ ತಮ್ಮ ದಾರಿಯಲ್ಲಿ ಹತ್ತಿ, ಇಳಿದು, ದಡಕ್ಕೆ ಬಂದರು;
ಎಲ್ಲರ ಹಿಂದೆ ಓಯ್ರಿಕ್, ಒಡೆದ ದನಿ.
ಅವಳ ಶ್ರುತಿ ತುಸು ಕೆಳಗಿತ್ತು.
ಗಮನಿಸಿದೆ. ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮನೆಗೆ ಬಂದು ಸಾರು ಕುಡಿದೆ.
ಉಪ್ಪು ಸರಿಯಾಗಿತ್ತು,
ಹೋದ ವಾರದಷ್ಟೇ.