ಐನೂರಾ ಹನ್ನೆರಡನೆಯ ಕೊಕ್ಕೆ

ಚಾದರದ ನವಿಲಿಗೆ ಕೊರಳಲ್ಲೊಂದು ಎಳೆ ಇಲ್ಲ.
ಬೆಳಿಗ್ಗೆ ನೆಯ್ದವುಗಳಲ್ಲಿ ಇದೆ,
ಮಧ್ಯಾಹ್ನ ಒಂದರ ಮೇಲೆ ನೆಯ್ದವುಗಳಲ್ಲಿ ಇಲ್ಲ.
ಶೇಠರು ಸಾಯಬಣ್ಣನ ಪಗಾರದಲ್ಲಿ
ಚಾದರಕ್ಕೆ ಹನ್ನೊಂದು ರೂಪಾಯಿ ಮುರಿದರು:
ಉಂಡ ಮೇಲೆ ತೂಕಡಿಸುತ್ತಾನೆ, ಅಂತ.

ಅಕ್ಕಲಕೋಟ ರಸ್ತೆಯ ತಗಡಿನ ಶೆಡ್ಡಿನಿಂದ
ಮಗ್ಗದ ಬೋರ್ಡು ಬಿಚ್ಚಿ ತಂದು ಮೇಜಿನ ಮೇಲಿಟ್ಟೆ.
ಫ್ಯಾನಿನ ಕೆಳಗೆ ಅದಕ್ಕೆ ಯಾವ ರೋಗವೂ ಇಲ್ಲ,
ದವಾಖಾನೆ ಮೆಟ್ಟಿಲೇರುತ್ತಲೇ ಜ್ವರ ಬಿಟ್ಟ ಹುಡುಗನ ಹಾಗೆ.
ಎಂಟುನೂರಾ ತೊಂಬತ್ತಾರು ಕೊಕ್ಕೆಗಳ ಹೆಸರು ಕರೆದೆ.
ಎಲ್ಲವೂ ಹಾಜರ್.

"ಏನ್ ಹುಡಕ್ತೀರಿ ಬಾಯಾರ?"
ಹೊತ್ತು, ಅಂದೆ. ಹೊತ್ತು ತಪ್ಪಿದ್ದು.
ಗಡಿಯಾರ ಬಡಿಯುವ ಮೊದಲೇ ಮಾತು ಬಂದು ನಿಂತಿರಬೇಕು,
ಬಡಿದ ಮೇಲೂ ಚೂರು ಹೊತ್ತು ಕದಲಬಾರದು.
ಸಾಯಬಣ್ಣ ನಕ್ಕ.
"ಇದನ್ನ ಹೇಳಾಕ ಇಷ್ಟ್ ಓದಬೇಕೇನ್ರಿ?
ಲಾಳಿ ಬರೂಕಿಂತ ಮೊದ್ಲ ಹಾಸು ಬಾಯಿ ತೆರದಿರಬೇಕು,
ಲಾಳಿ ದಾಟೂತನಕ ಮುಚ್ಚಬಾರ್ದು.
ಮುಚ್ಚಿತಂದ್ರ ನೂಲು ಹರೀತು."

ರಾತ್ರಿ ಬೋರ್ಡು ಮುಟ್ಟಲೇ ಇಲ್ಲ.
ಪರದೆಯ ಮೇಲೆ ಅದನ್ನೇ ಮತ್ತೊಮ್ಮೆ ಕಟ್ಟಿದೆ,
ತಾಮ್ರವಿಲ್ಲದ, ಬೆಸುಗೆಯಿಲ್ಲದ, ಬರೀ ತರ್ಕದ ಬೋರ್ಡು.
ಒಂದೊಂದು ಗೇಟಿಗೂ ಅದರ ಸೋಮಾರಿತನ ಬರೆದುಕೊಟ್ಟೆ:
ಇದಕ್ಕೆ ಏಳು ನ್ಯಾನೋಸೆಕೆಂಡು, ಇದಕ್ಕೆ ಹನ್ನೊಂದು,
ಮೇ ತಿಂಗಳ ಸೊಲ್ಲಾಪುರದಲ್ಲಿ ಹದಿನಾಲ್ಕು.
ಓಡಿಸಿದೆ.

ಐನೂರಾ ಹನ್ನೊಂದರ ತನಕ ಅಲೆಗಳು ನೆಟ್ಟಗೆ.
ಮುಂದಿನ ಎಣಿಕೆಗೆ
ಒಂಬತ್ತು ಒಂದುಗಳು ಒಟ್ಟಿಗೆ ಸೊನ್ನೆಯಾಗಬೇಕು.
ಒಟ್ಟಿಗೆ ಎಲ್ಲಿ?
ಒಂದು ಬಿದ್ದು ಪಕ್ಕದ್ದನ್ನು ತಟ್ಟಿ
ಅದು ಬಿದ್ದು ಅದರಾಚೆಯದನ್ನು ತಟ್ಟಿ
ಪಂಗತಿಯ ಸಾರಿನ ಬಕೀಟು ತುದಿಗೆ ಮುಟ್ಟುವಷ್ಟರಲ್ಲಿ
ಕೊನೆಯವನು ಬರೀ ಅನ್ನ ಉಂಡು ಎದ್ದಿದ್ದ.
ಮೂರು ನ್ಯಾನೋಸೆಕೆಂಡು ತಡ.

ಕೆಂಪು ಗೆರೆ, ಅದರ ಮೇಲೊಂದು ಎಕ್ಸ್.
ಸೊನ್ನೆಯೂ ಅಲ್ಲ ಒಂದೂ ಅಲ್ಲ,
ಗೊತ್ತಿಲ್ಲ ಎಂದು ಯಂತ್ರ ಒಪ್ಪಿಕೊಳ್ಳುವ ಅಕ್ಷರ.

ನಾನು ಹಾಗೆ ಎಲ್ಲೂ ಬರೆದಿರಲಿಲ್ಲ.
ಆ ಬೋರ್ಡಿನ ನಕ್ಷೆ ನನ್ನದು. ಮೂಲೆಯಲ್ಲಿ ಸಹಿ: ಸುಗಲಾ.
ಜನವರಿಯಲ್ಲಿ, ಚಿಪ್ಪಿನ ಪುಸ್ತಕದ ನಡುವಿನ ಸಾಲಿನಿಂದ
ಅಂಕಿ ಎತ್ತಿ ಹಾಕಿದ್ದೆ.
ಬಲಗಡೆಯದು, ಅತಿ ತಡದ್ದು, ನೋಡಲಿಲ್ಲ.
ನಡುವಿನದು ಪಾಸಾಗಿತ್ತು,
ಮನೆಗೆ ಹೋಗುವ ಬಸ್ಸಿನ ಹೊತ್ತಾಗಿತ್ತು.

ಅಲೆಯ ಕಾಗದವನ್ನು ಶೇಠರು ತಲೆಕೆಳಗು ಹಿಡಿದರು.
ಸಾಯಬಣ್ಣ ಚೌಕಳಿ ಕಾಗದದಲ್ಲಿ ಹೂ ಓದುವವನು;
ಬೆರಳು ಎಳೆದುಕೊಂಡು ಹೋಗಿ ಕೆಂಪಿನ ಮೇಲೆ ನಿಲ್ಲಿಸಿದ.
"ಇಲ್ಲೇ ಐತಿ ನೋಡ್ರಿ, ನವಿಲಿನ ಕೊಳ್ಳು."
ಯಾರ ತಪ್ಪೆಂದು ಕೇಳಲಿಲ್ಲ.
ನಾನೇ ಹೇಳಿದೆ.

ಎಣಿಸುವ ಚಿಪ್ಪು ಬದಲಾಯಿತು.
ಮುರಿದ ದುಡ್ಡಲ್ಲಿ ಅರ್ಧ ಮರಳಿತು,
ಇನ್ನರ್ಧ ದೀಪಾವಳಿಗೆ ಅಂದಿದ್ದಾರೆ.
ಮಾರಾಟವಾಗದ ಹದಿನಾಲ್ಕು ಚಾದರಗಳಲ್ಲಿ ಒಂದನ್ನು ಕೊಂಡೆ.
ಹೊದ್ದು ಮಲಗಿದರೆ
ಬೆರಳು ಕತ್ತಲಲ್ಲೂ ದಾರಿ ತಪ್ಪದೆ
ಆ ಎಳೆಯಿಲ್ಲದ ಜಾಗಕ್ಕೇ ಹೋಗುತ್ತದೆ.